ದ್ರಾಕ್ಷೆ ಮುಂತಾದ ಹಣ್ಣುಗಳ ರಸದಿಂದ ಸೈಡರ್ ಮತ್ತು ಶಿರ್ಕಾ

ಬೆಂಗಳೂರಿನ ಉತ್ತರಕ್ಕೆ ಯಲಹಂಕದಿಂದ ಮೊದಲ್ಗೊಂಡು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳವರೆಗೆ ಹಬ್ಬಿರುವ ಕೆಂಪು ಮಣ್ಣಿನ ಸೀಮೆಯಲ್ಲಿ ಪೇಟೆಯವರು ‘ಬೆಂಗಳೂರು ಬ್ಲೂ’ ಎಂದು ಕರೆಯುವ ಕಪ್ಪು ದ್ರಾಕ್ಷೆಯ ಬೇಸಾಯವು ಸುಮಾರು ನೂರೈವತ್ತು ವರ್ಷಗಳಿಂದ ನಡೆದು ಬಂದಿರುವುದು. ಈ ಸೀಮೆಯ ಸಮಶೀತೋಷ್ಣ ಹವೆಯಲ್ಲಿ ಇದು ವರ್ಷಕ್ಕೆ ಎರಡು ಬೆಳೆಯನ್ನು ಕೊಡುವುದು. ರೋಗಕ್ಕೆ ತಕ್ಕಮಟ್ಟಿಗೆ ತಡೆಯುವುದು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿರುವುದು. ಇಷ್ಟು ಗುಣಗಳಿದ್ದರೂ ಈ ಹಣ್ಣಿಗೆ ಒಂದು ದೊಡ್ಡ ಕೊರತೆಯುಂಟು. ಮಾಗಿದ ಮೇಲೆ ಇದು ಕಾಯುವುದಿಲ್ಲ. ಮಾಗುವ ಕಾಲದಲ್ಲಿ ಎರಡು ದಿವಸ ಮಳೆ ಹಿಡಿದರೆ ಹಣ್ಣು ಸೀಳುವುದು, ಸೀಳಿದ ಹಣ್ಣಿಗೆ ನೊಣ ಮುತ್ತುವುದು, ಒಂದು ಹಣ್ಣಿನ ಕೊಳೆ ಇಡೀ ಗೊಂಚಲಿಗೆ ಹತ್ತುವುದು. ಪೇಟೆಯಲ್ಲಿ ಅಂತಹ ಗೊಂಚಲನ್ನು ಕೇಳುವವರಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮಳೆಯಿಲ್ಲದೆಯೂ ಇದೇ ಗತಿ ಒದಗಿ, ಸಾಗಿಸಲು ಮಾರ್ಗವಿಲ್ಲದೆ ಒಳ್ಳೆಯ ಹಣ್ಣನ್ನು ಬಳ್ಳಿಯಲ್ಲಿಯೇ ಬಿಟ್ಟ ರೈತರು ಈ ಸೀಮೆಯಲ್ಲಿದ್ದರು.

ಹೀಗೆ ಕೈಬಿಟ್ಟು ಹೋಗುವ ಹಣ್ಣನ್ನು ರಸವಾಗಿ ಪರಿವರ್ತಿಸಿ ಉಳಿಸಿಕೊಳ್ಳಬೇಕೆಂಬ ಆಲೋಚನೆಯು ಹೊಸದಲ್ಲ. ಡಾಕ್ಟರ್ ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷೆ ಬೆಳೆಗಾರರು ಕೂಡಿ ಕಟ್ಟಿದ ಸಹಕಾರ ಸಂಘದ ಹೆಸರಿನಲ್ಲಿಯೇ ಮಾರಾಟದ ಜೊತೆಗೆ ಸಂಸ್ಕರಣವೆಂಬ ಮಾತೂ ಇದ್ದಿತು. ಇಂದು ಹಾಪ್‌ಕಾಮ್ಸ್ ಎಂದು ಎಲ್ಲರೂ ಬಲ್ಲ ಸಂಸ್ಥೆಯು ಅದರಿಂದಲೇ ಬೆಳೆದದ್ದು. ಮಾರಾಟದ ಕೆಲಸವು ಊರೂರಿಗೆ ಹಬ್ಬಿತು. ಸಂಸ್ಕರಣವು ರೈತನ ಮನೆಯ ಹೊಸ್ತಿಲನ್ನು ಇನ್ನೂ ಚೆನ್ನಾಗಿ ದಾಟಿಲ್ಲವೆಂದೇ ಹೇಳಬೇಕು.

ಈಚೆಗೆ ಪಟ್ಟಣದ ಅಂಗಡಿಗಳಲ್ಲಿಯೂ ಅಂಚೆಯ ಮೂಲಕವೂ ‘ಸೈಡರ್ ಕಿಟ್’ ಎಂಬ ಸಾಮಗ್ರಿಯ ಪೆಟ್ಟಿಗೆಗಳು ದೊರೆಯುತ್ತಿರುವುವು. ಸೈಡರ್ ಎಂದರೆ ಸೇಬಿನ ರಸವನ್ನು ಹುದುಗು ಬರಿಸಿ ಮಾಡುವ, ನೂರಕ್ಕೆ ಐದಾರು ಪಾಲು ಮದ್ಯಸಾರವುಳ್ಳ ಪಾನೀಯ. ಇಂಗ್ಲೆಂಡಿನ ನೈಋತ್ಯ ಜಿಲ್ಲೆಗಳಲ್ಲಿಯೂ ಫ್ರಾನ್ಸಿನ ನಾರ್ಮಂಡಿಯಲ್ಲಿಯೂ ರೈತರು ಇದನ್ನು ತಮ್ಮ ತೋಟದ ಹಣ್ಣಿನಿಂದಲೇ ಬಹುಕಾಲದಿಂದ ಮಾಡುತ್ತಿರುವರು. ಮರಸೇಬಿನಿಂದ ಮಾಡಿದುದಕ್ಕೆ ಪೆರಿ ಎಂದು ಹೆಸರು. ಬೆಂಗಳೂರಿನ ಸುತ್ತಲೂ ಒಂದು ಕಾಲದಲ್ಲಿ ‘ರೋಮ್ ಬ್ಯೂಟಿ’ ಎಂಬ ಜಾತಿಯ ಸೇಬನ್ನು ಬೆಳೆಯುತ್ತಿದ್ದರು. ಆ ತೋಟಗಳು ಈಗ ಉಳಿದಿಲ್ಲ. ಆದುದರಿಂದ ನಮ್ಮ ಸೀಮೆಯವರು ಈ ಕ್ರಮವನ್ನು ದ್ರಾಕ್ಷೆ, ಮರಸೇಬು, ನೇರಳೆ, ಅನಾನಸು, ಸೀಬೆ ಇವುಗಳಿಗೆ ಹೊಂದಿಸಿಕೊಳ್ಳಬೇಕಾಗುವುದು. ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಈ ಪೆಟ್ಟಿಗೆಗಳ ವಿಷಯವಾಗಿ ಅನೇಕ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ, ಅವುಗಳಲ್ಲಿ ಏನಿದೆ, ಅವುಗಳಿಂದ ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ಮಾಡಕೂಡದ ಸಂಗತಿಯನ್ನೇ ಮೊದಲು ಹೇಳುವುದು ಲೇಸು. ಕರ್ನಾಟಕ ಅಬಕಾರಿ ಅಧಿನಿಯಮವು 1965ರದು. ಅದರ ಪ್ರಕಾರ ಮದ್ಯಸಾರವುಳ್ಳ ಪಾನೀಯವನ್ನು ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಸೈಡರ್ ಮೃದುವಾದುದು, ಹಣ್ಣಿನದು, ಭಟ್ಟಿಯಿಳಿಸಿದುದಲ್ಲ ಎಂಬ ಯಾವ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯನ್ನು ಬಹಿರಂಗವಾಗಿ ಮಾರುವರೆಂಬ ಕಾರಣದಿಂದ ಅದನ್ನು ಕೊಂಡವನಿಗೆ ತಯಾರಿಸುವ ಹಕ್ಕು ಬಂದಂತಾಗುವುದಿಲ್ಲ. ಕತ್ತಿಯನ್ನು ಕೊಂಡ ಮಾತ್ರಕ್ಕೆ ಗಂಧದ ಮರವನ್ನು ಕಡಿಯುವ ಅಪ್ಪಣೆ ಸಿಕ್ಕಿತೇ? ಬೆಂಗಳೂರಿನ ಕ್ರೈಸ್ತ ಮನೆತನಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಇದೇ ಕಪ್ಪು ದ್ರಾಕ್ಷೆಯಿಂದ ಸಕ್ಕರೆ, ಲವಂಗ, ಚಕ್ಕೆ, ಒಂದು ಹಿಡಿ ಗೋಧಿ ಇವುಗಳನ್ನು ಕೂಡಿಸಿ ಜಾಡಿಯಲ್ಲಿ ದ್ರಾಕ್ಷಾರಸವನ್ನು ಇಡುವ ವಾಡಿಕೆಯುಂಟು. ಕೊಡಗಿನಲ್ಲಿಯೂ ಮನೆಯಲ್ಲಿ ವೈನ್ ಮಾಡುವ ರೂಢಿ ಇರುವುದು. ವಾಡಿಕೆಯು ಹಳೆಯದಾದ ಮಾತ್ರಕ್ಕೆ ಕಾಯಿದೆಯು ಸಡಿಲವಾಗದು. ಅದರಲ್ಲಿಯೂ ಇಂತಹ ಪಾನೀಯವನ್ನು ಸೀಸೆಗೆ ತುಂಬಿ ಹಣಕ್ಕೆ ಕೊಡುವವನು ಊರಿನ ಹತ್ತು ಜನರ ಮಾನವನ್ನೂ ಒತ್ತೆಯಿಟ್ಟಂತೆ. ದೊಡ್ಡ ಪ್ರಮಾಣದಲ್ಲಿ ಮಾಡಬೇಕೆನ್ನುವವರಿಗೆ ದಾರಿಯಿಲ್ಲದಿಲ್ಲ. ಸರ್ಕಾರದವರು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನು ಹೊರಡಿಸಿದರು. ಅದಕ್ಕೂ ಮೊದಲೇ, 1988ರಲ್ಲಿ, ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲಿನಲ್ಲಿ ಪರದೇಶದ ದ್ರಾಕ್ಷೆಯನ್ನು ನೆಟ್ಟು ವೈನ್ ತಯಾರಿಕೆಗೆ ಕೈಹಾಕಿದ ತೋಟವುಂಟು.

ಹಾಗಾದರೆ ಪರವಾನಗಿಯಿಲ್ಲದ ಸಾಮಾನ್ಯ ರೈತನಿಗೆ ಈ ವಿದ್ಯೆಯಿಂದ ಪ್ರಯೋಜನವೇನು? ಪ್ರಯೋಜನವುಂಟು. ಸೈಡರ್ ಎಂಬುದು ರಸದ ಪ್ರಯಾಣದಲ್ಲಿ ನಡುವಿನ ತಂಗುದಾಣ ಮಾತ್ರ. ಅದಕ್ಕೆ ಮುಂಚೆಯೇ ನಿಲ್ಲಿಸಿದರೆ ಹುದುಗು ಬಾರದ ಸಿಹಿರಸ. ಅದನ್ನು ದಾಟಿ ಮುಂದಕ್ಕೆ ಹೋದರೆ ಶಿರ್ಕಾ, ಅಂದರೆ ವಿನೆಗರ್. ಉಪ್ಪಿನಕಾಯಿಗೂ ಅಡಿಗೆಗೂ ಬರುವ ಒಳ್ಳೆಯ ಹಣ್ಣಿನ ಶಿರ್ಕಾಕ್ಕೆ ಪಟ್ಟಣದಲ್ಲಿ ಗಿರಾಕಿಯೂ ಇರುವುದು. ಮೂರಕ್ಕೂ ಬೇಕಾದ ಶುಚಿ, ಅಳತೆ, ಪಾತ್ರೆ ಒಂದೇ. ಶಿರ್ಕಾದ ದಾರಿಯಲ್ಲಿ ನಡುವೆ ಕೆಲವು ವಾರ ಮದ್ಯಸಾರವು ಇದ್ದೇ ಇರುವುದರಿಂದ, ಅದನ್ನು ಮಾಡಬೇಕೆನ್ನುವವರು ಮೊದಲು ತಾಲ್ಲೂಕಿನ ಅಬಕಾರಿ ಕಚೇರಿಗೆ ಅರ್ಜಿ ಬರೆದು, ಬರವಣಿಗೆಯಲ್ಲಿಯೇ ಉತ್ತರವನ್ನು ಪಡೆದು ಇಟ್ಟುಕೊಳ್ಳತಕ್ಕದ್ದು. ಬಾಯಿಮಾತಿನ ಅಪ್ಪಣೆಯನ್ನು ನಂಬತಕ್ಕದ್ದಲ್ಲ.

ಹುದುಗೆಂಬುದೇನು.— ನಮ್ಮ ಹೆಣ್ಣುಮಕ್ಕಳು ದಿನವೂ ಹಾಲಿಗೆ ಹೆಪ್ಪು ಹಾಕುವರು; ದೋಸೆಯ ಹಿಟ್ಟನ್ನು ರಾತ್ರಿ ಉಬ್ಬಲು ಬಿಡುವರು. ಈಚಲು ಮರದಿಂದ ಬೆಳಿಗ್ಗೆ ಇಳಿದ ಸಿಹಿಯಾದ ನೀರಾ ಮಧ್ಯಾಹ್ನಕ್ಕೆ ನೊರೆಯೇರಿ ಹೆಂಡವಾಗುವುದನ್ನು ಕಾಣದ ಹಳ್ಳಿಯಿಲ್ಲ. ಇವೆಲ್ಲವೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯನು 1857ರಿಂದ ಮುಂದೆ ನಡೆಸಿದ ಶೋಧನೆಗಳಿಂದ ಸಿದ್ಧಪಡಿಸಿದನು. ಹಣ್ಣಿನ ರಸದಲ್ಲಿ ಕೆಲಸ ಮಾಡುವ ಜೀವಿಗೆ ಯೀಸ್ಟ್ ಎಂದು ಹೆಸರು. ಅದು ಸಕ್ಕರೆಯನ್ನು ತಿಂದು, ತೂಕದಲ್ಲಿ ಸುಮಾರು ಅರ್ಧವನ್ನು ಮದ್ಯಸಾರವನ್ನಾಗಿಯೂ ಉಳಿದರ್ಧವನ್ನು ಇಂಗಾಲಾಮ್ಲ ವಾಯುವನ್ನಾಗಿಯೂ ಮಾರ್ಪಡಿಸುವುದು. ಒಂದು ಲೀಟರು ರಸದಲ್ಲಿರುವ 17 ಗ್ರಾಂ ಸಕ್ಕರೆಯಿಂದ ನೂರಕ್ಕೆ ಒಂದು ಪಾಲು ಮದ್ಯಸಾರ ಹುಟ್ಟುವುದೆಂಬ ಲೆಕ್ಕವನ್ನು ನೆನಪಿನಲ್ಲಿಟ್ಟರೆ ಸಾಕು, ಮುಂದಿನದೆಲ್ಲ ಅದರಿಂದಲೇ ತಿಳಿಯುವುದು.

ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿಯೇ ಇರುವ ಕಾಡುಯೀಸ್ಟಿನಿಂದಲೂ ಹುದುಗು ಬರುವುದುಂಟು. ಆದರೆ ಅದರ ಜೊತೆಯಲ್ಲಿ ಬೂಷ್ಟು, ಹುಳಿಗೆ ಕಾರಣವಾದ ಜೀವಿಗಳು ಮುಂತಾದ ಕರೆಯದ ನೆಂಟರೂ ಬರುವರು. ಒಳ್ಳೆಯ ಮೊಸರು ಬೇಕಾದವರು ಒಳ್ಳೆಯ ಮನೆಯ ಹೆಪ್ಪನ್ನೇ ತರಿಸುವಂತೆ ಇಲ್ಲಿಯೂ ಆರಿಸಿದ ಯೀಸ್ಟನ್ನು ಹಾಕುವುದೇ ಕ್ರಮ. ರೊಟ್ಟಿ ಬೇಕರಿಯ ಯೀಸ್ಟನ್ನು ಹಾಕುವವರುಂಟು. ಅದರಿಂದಲೂ ಹುದುಗು ಬರುವುದು, ಆದರೆ ಅದು ತಳದಲ್ಲಿ ಗಟ್ಟಿಯಾಗಿ ಕೂರದೆ ರಸವು ಕದಡಿಯೇ ಇರುವುದು, ರೊಟ್ಟಿಯ ವಾಸನೆಯೂ ಬಿಡದು. ಕ್ರಿಸ್ಮಸ್ ದ್ರಾಕ್ಷಾರಸಕ್ಕೆ ಹಾಕುವ ಗೋಧಿಯ ಹಿಡಿಯು ಮಾತ್ರ ಅರ್ಥವಿಲ್ಲದ ಆಚಾರವಲ್ಲ. ಅದು ಯೀಸ್ಟಿಗೆ ಪೋಷಕಾಂಶಗಳನ್ನು ಒದಗಿಸುವುದು.

ಪೆಟ್ಟಿಗೆಯಲ್ಲಿರತಕ್ಕ ಸಾಮಗ್ರಿ.— ಸಾಮಾನ್ಯವಾಗಿ ಮುಚ್ಚಳವುಳ್ಳ ಆಹಾರಯೋಗ್ಯ ಪ್ಲಾಸ್ಟಿಕ್ ಬಕೆಟ್ಟು ಅಥವಾ ಗಾಜಿನ ಬುದ್ದಲಿ, ನೀರುಬೀಗ, ಹೈಡ್ರೋಮೀಟರು ಮತ್ತು ಅದರ ಉದ್ದನೆಯ ಕೊಳವೆ, ಯೀಸ್ಟಿನ ಪೊಟ್ಟಣ, ಯೀಸ್ಟಿನ ಪೋಷಕ, ಗಂಧಕದ ಮಾತ್ರೆ ಅಥವಾ ಪುಡಿ, ರಸವನ್ನು ಬಗ್ಗಿಸುವ ರಬ್ಬರು ನಳಿಗೆ, ಉಷ್ಣಮಾಪಕ ಇವು ಇರುವುವು. ಕೆಲವರು ಗಟ್ಟಿಯಾಗಿ ಕಾಯಿಸಿದ ಸೇಬಿನ ರಸದ ಡಬ್ಬಿಯನ್ನೂ ಕೂಡಿಸಿ ಬೆಲೆಯನ್ನು ಹೆಚ್ಚಿಸಿರುವರು. ತೋಟವುಳ್ಳವನಿಗೆ ಆ ಡಬ್ಬಿಯ ಅವಶ್ಯಕತೆಯಿಲ್ಲ. ಬಕೆಟ್ಟು, ನಳಿಗೆಗಳನ್ನು ಯಲಹಂಕದ ಸಂತೆಯಲ್ಲಿಯೋ ಯಶವಂತಪುರದ ಅಂಗಡಿಯಲ್ಲಿಯೋ ಬಿಡಿಯಾಗಿ ಕೊಂಡರೆ ಅಗ್ಗವಾಗುವುದು. ಪೆಟ್ಟಿಗೆಯಲ್ಲಿ ನಿಜವಾಗಿ ಬೆಲೆಯುಳ್ಳ ವಸ್ತು ಒಂದೇ, ಅದು ಹೈಡ್ರೋಮೀಟರು. ಅದಿಲ್ಲದ ಪೆಟ್ಟಿಗೆಯನ್ನು ಎಷ್ಟೇ ಚೆಂದವಾಗಿದ್ದರೂ ಕೊಳ್ಳತಕ್ಕದ್ದಲ್ಲ.

ಹೈಡ್ರೋಮೀಟರು ಎಂದರೆ ತಳದಲ್ಲಿ ಭಾರವಿಟ್ಟ, ಕತ್ತಿನಲ್ಲಿ ಅಳತೆಯ ಗೆರೆಗಳುಳ್ಳ ಗಾಜಿನ ತೇಲುಗಡ್ಡಿ. ಹಾಲಿನವರ ಬಳಿಯಿರುವ ಹಾಲಳತೆಯ ಕಡ್ಡಿಯೂ ಇದೇ ಜಾತಿಯದು. ನೀರಿನಲ್ಲಿ ಇದು 1.000 ಎಂಬ ಗೆರೆಯವರೆಗೆ ಮುಳುಗುವುದು. ಸಿಹಿರಸದಲ್ಲಿ ಮೇಲಕ್ಕೆ ತೇಲಿ ದೊಡ್ಡ ಅಂಕವನ್ನು ತೋರಿಸುವುದು. ಚೆನ್ನಾಗಿ ಮಾಗಿದ ಬೆಂಗಳೂರು ಬ್ಲೂ ದ್ರಾಕ್ಷೆಯ ರಸವು 1.070ರ ಸುಮಾರಿನಲ್ಲಿ ನಿಲ್ಲುವುದು. ಹುದುಗು ಮುಗಿದ ಮೇಲೆ ಅದೇ ರಸವು 1.000ಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಕ್ಕೆ ಇಳಿಯುವುದು. ಈ ಎರಡು ಅಂಕಗಳ ಅಂತರವನ್ನು 131ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಪಾಲು ಮದ್ಯಸಾರ ಹುಟ್ಟಿತೆಂದು ತಿಳಿಯುವುದು; 0.070ನ್ನು ಗುಣಿಸಿದರೆ ಸುಮಾರು 9 ಬರುವುದು. ಇದು ಸೈಡರಿನ ಮಟ್ಟವಲ್ಲ, ವೈನಿನ ಮಟ್ಟ. ಇನ್ನೂ ಸಕ್ಕರೆಯನ್ನು ಸುರಿಯುವವರು ಎಲ್ಲಿಗೆ ಹೋಗುತ್ತಿರುವರೆಂಬುದನ್ನು ಇದರಿಂದಲೇ ಊಹಿಸಬಹುದು.

ನೀರುಬೀಗವೆಂಬುದು ಬಾಗಿದ ಒಂದು ಚಿಕ್ಕ ಕೊಳವೆ. ಅದರೊಳಗೆ ಸ್ವಲ್ಪ ನೀರಿದ್ದು, ಒಳಗಿನ ವಾಯುವು ಗುಳ್ಳೆಯಾಗಿ ಹೊರಕ್ಕೆ ಹೋಗುವುದು, ಹೊರಗಿನ ಗಾಳಿಯೂ ನೊಣವೂ ಒಳಕ್ಕೆ ಬರಲಾರವು.

ರಸವನ್ನು ತೆಗೆಯುವ ಕ್ರಮ.— ಸೀಳಿದ ಹಣ್ಣನ್ನು ಅದೇ ದಿವಸ ಉಪಯೋಗಿಸಬಹುದು. ಬೂಷ್ಟು ಹಿಡಿದುದನ್ನೂ ಹುಳಿನಾತ ಬಂದುದನ್ನೂ ಕರುಣೆಯಿಲ್ಲದೆ ಬಿಸಾಡತಕ್ಕದ್ದು. ಔಷಧಿ ಸಿಂಪಡಿಸಿದ ತೋಟದಲ್ಲಿ ಆ ಔಷಧಿಯ ಡಬ್ಬಿಯ ಮೇಲೆ ಬರೆದಿರುವಷ್ಟು ದಿವಸಗಳು ಕಳೆಯದೆ ಕುಯ್ಯಕೂಡದು. ಗೊಂಚಲನ್ನು ತೊಳೆದು, ನೀರನ್ನು ಸೋರಿಸಿ, ಹಣ್ಣನ್ನು ಕಾವಿನಿಂದ ಬಿಡಿಸಿ, ಶುದ್ಧವಾದ ಕೈಯಿಂದ ಅಥವಾ ಮರದ ಸೌಟಿನಿಂದ ಹಿಸುಕತಕ್ಕದ್ದು. ರುಬ್ಬುವ ಯಂತ್ರಕ್ಕೆ ಹಾಕಿದರೆ ಬೀಜವು ಒಡೆದು ರಸವು ಕಹಿಯಾಗುವುದು. ಹತ್ತು ಕಿಲೋ ಹಣ್ಣಿನಿಂದ ಸುಮಾರು ಆರು ಲೀಟರು ರಸವನ್ನು ನಿರೀಕ್ಷಿಸಬಹುದು.

ಪಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಸಾರನ್ನು ಇಟ್ಟರೆ ಕಿಲುಬು ಬರುವುದನ್ನು ಮನೆಯವರು ಬಲ್ಲರು. ದ್ರಾಕ್ಷೆಯ ಹುಳಿಯೂ ಹಾಗೆಯೇ. ತಾಮ್ರ, ಹಿತ್ತಾಳೆ, ಕಬ್ಬಿಣ, ಕಲಾಯಿ ಹೋದ ಪಾತ್ರೆ ಇವು ಯಾವುವೂ ಕೂಡದು. ಗಾಜು, ಒಳ್ಳೆಯ ಸ್ಟೀಲು, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕು ಇವು ಯೋಗ್ಯವಾದುವು. ಬಣ್ಣದ ಅಥವಾ ಕ್ರಿಮಿನಾಶಕದ ಡಬ್ಬವನ್ನು ನೂರು ಸಲ ತೊಳೆದರೂ ಈ ಕೆಲಸಕ್ಕೆ ಮುಟ್ಟಕೂಡದು. ಉಪಯೋಗಿಸುವ ಪ್ರತಿಯೊಂದು ವಸ್ತುವನ್ನೂ ಸೋಪಿನಿಂದ ತೊಳೆದು, ಐದು ಲೀಟರು ನೀರಿಗೆ ಹತ್ತು ಗ್ರಾಂ ಪೊಟಾಸಿಯಂ ಮೆಟಾಬೈಸಲ್ಫೈಟ್ ಎಂಬ ಗಂಧಕದ ಪುಡಿಯನ್ನೂ ಚಿಟಿಕೆ ನಿಂಬೆ ಉಪ್ಪನ್ನೂ ಕರಗಿಸಿ ಅದರಲ್ಲಿ ಅದ್ದಿ ತೆಗೆಯತಕ್ಕದ್ದು. ಇದರ ಹೊಗೆಯು ಕೆಮ್ಮು ತರಿಸುವುದಾದುದರಿಂದ, ಉಬ್ಬಸವುಳ್ಳವರು ಈ ಕೆಲಸಕ್ಕೆ ಕೂರದಿರುವುದು ಒಳಿತು.

ಅದೇ ಪುಡಿಯನ್ನು ಹತ್ತು ಲೀಟರಿಗೆ ಒಂದು ಗ್ರಾಮಿನಂತೆ ರಸಕ್ಕೂ ಬೆರೆಸಿ, ಬಟ್ಟೆ ಮುಚ್ಚಿ ಒಂದು ದಿವಸ ಬಿಡಬೇಕು. ಕಾಡುಯೀಸ್ಟುಗಳು ಅಡಗುವುವು. ತೂಗಲು ಚಿನ್ನದಂಗಡಿಯವರ ತಕ್ಕಡಿಯಂತಹ ಸೂಕ್ಷ್ಮ ತಕ್ಕಡಿ ಬೇಕು. ಕಣ್ಣಂದಾಜಿನಿಂದ ಹಾಕಿದರೆ ಹೆಚ್ಚಾಗಿ, ನಾವು ಹಾಕುವ ಯೀಸ್ಟೂ ಏಳುವುದಿಲ್ಲ.

ಮಾರನೆಯ ದಿವಸ ಹೈಡ್ರೋಮೀಟರನ್ನು ಇಳಿಬಿಟ್ಟು ಅಂಕವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು. ಆರು ಲೀಟರು ದ್ರಾಕ್ಷೆಯ ರಸವು 1.070 ಇದ್ದರೆ, ಕಾಯಿಸಿ ಆರಿಸಿದ ಮೂರು ಲೀಟರು ನೀರನ್ನು ಬೆರೆಸಿದಾಗ ಅದು 1.047ರ ಹತ್ತಿರಕ್ಕೆ ಬರುವುದು. ಇದೇ ಸೈಡರಿನ ಮಟ್ಟ. ಹುದುಗು ಮುಗಿದಾಗ ನೂರಕ್ಕೆ ಆರು ಪಾಲು ಮದ್ಯಸಾರ. ಶಿರ್ಕಾಕ್ಕೂ ಇದೇ ಸರಿ. ಬೆಂಗಳೂರು ಬ್ಲೂ ಹಣ್ಣಿನಲ್ಲಿ ಹುಳಿಯು ಸಹಜವಾಗಿಯೇ ಹೆಚ್ಚಾದುದರಿಂದ ಇಷ್ಟು ನೀರನ್ನು ಅದು ತಾಳಿಕೊಳ್ಳುವುದು. ಸೀಬೆ, ಮರಸೇಬುಗಳಿಗೆ ಹೀಗೆ ನೀರು ಹಾಕಿದರೆ ರಸವು ಚಪ್ಪೆಯಾಗುವುದು. ಪೇಟೆಯ ಡಬ್ಬಿರಸವನ್ನು ತಂದು ಯೀಸ್ಟು ಹಾಕಿ, ಒಂದು ವಾರ ಕಾದರೂ ಗುಳ್ಳೆಯೇಳಲಿಲ್ಲವೆಂದು ದೂರುವವರುಂಟು. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದಿದರೆ ಅದರಲ್ಲಿ ಕೆಡದಂತೆ ಕಾಯುವ ಬೆಂಜೋಯೇಟ್ ಅಥವಾ ಸಾರ್ಬೇಟ್ ಇರುವುದು ಗೊತ್ತಾಗುವುದು.

ಯೀಸ್ಟನ್ನು ಒಣಗಿದ್ದಂತೆಯೇ ಚೆಲ್ಲದೆ, ಐದು ಗ್ರಾಮಿನ ಪೊಟ್ಟಣಕ್ಕೆ ಅರ್ಧ ಲೋಟದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ, ಎಂದರೆ 35ರಿಂದ 38 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಕಾಲು ಗಂಟೆ ನೆನೆಸಿ ಆಮೇಲೆ ರಸಕ್ಕೆ ಸೇರಿಸತಕ್ಕದ್ದು. ನೀರು ಕೈಸುಡುವಂತಿದ್ದರೆ ಯೀಸ್ಟು ಸಾಯುವುದು. ಪಾತ್ರೆಯನ್ನು ಮುಕ್ಕಾಲು ಪಾಲು ಮಾತ್ರ ತುಂಬಬೇಕು, ಇಲ್ಲದಿದ್ದರೆ ನೊರೆಯು ನೀರುಬೀಗಕ್ಕೆ ಹತ್ತಿ ಮುಚ್ಚಳವೇ ಹಾರುವುದು.

ಹವೆಯ ಮಾತು ಬಹು ಮುಖ್ಯ. ಹುದುಗಿಗೆ 18ರಿಂದ 24 ಡಿಗ್ರಿಯ ಉಷ್ಣತೆ ಉತ್ತಮ. ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿನಷ್ಟು ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಕಾರ್ತಿಕದಿಂದ ಮಾಘದವರೆಗೆ ಇದು ಯಾವ ಪ್ರಯಾಸವೂ ಇಲ್ಲದೆ ದೊರೆಯುವುದು. ಚೈತ್ರ ವೈಶಾಖಗಳಲ್ಲಿ ಮಾತ್ರ ಹಂಚಿನ ಮನೆಯ ನಡುಕೋಣೆಯಲ್ಲಿಟ್ಟು, ಪಾತ್ರೆಗೆ ಒದ್ದೆ ಗೋಣಿಯನ್ನು ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ನೀರು ಚಿಮುಕಿಸತಕ್ಕದ್ದು. ಹಳೆಯ ಕಾಲದ ನೀರಿನ ಹೂಜಿಯ ಉಪಾಯವೇ ಇದು. ಉಷ್ಣತೆಯು 30 ಡಿಗ್ರಿಯನ್ನು ದಾಟಿದರೆ ರಸಕ್ಕೆ ಒರಟಾದ ವಾಸನೆ ಹತ್ತುವುದು. ಕೋಣೆಗೆ ಕಿಟಕಿ ಇರಲೇಬೇಕು. ಒಂದು ಕಿಲೋ ಸಕ್ಕರೆಯಿಂದ ಇನ್ನೂರೈವತ್ತು ಲೀಟರಿನಷ್ಟು ಇಂಗಾಲಾಮ್ಲ ವಾಯು ಹೊರಡುವುದಾಗಿಯೂ, ಅದು ಗಾಳಿಗಿಂತ ಭಾರವಾಗಿ ನೆಲದಲ್ಲಿ ಕೂರುವುದಾಗಿಯೂ ತಿಳಿದವರು, ಮುಚ್ಚಿದ ಉಗ್ರಾಣದಲ್ಲಿ ಹತ್ತಾರು ಪಾತ್ರೆಗಳನ್ನಿಟ್ಟು ಪಕ್ಕದಲ್ಲಿ ಮಲಗುವ ಸಾಹಸವನ್ನು ಮಾಡಲಾರರು. ಹಗೇವಿಗೆ ಇಳಿಯುವ ಮುಂಚೆ ಗಾಳಿಯಾಡಿಸುವ ಪದ್ಧತಿಯುಳ್ಳ ನಮ್ಮ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಒಂದು ದಿವಸದೊಳಗೆ ಗುಳ್ಳೆಯೇಳುವುದು, ಮೂರು ನಾಲ್ಕು ದಿವಸ ಭರದಿಂದ ನಡೆದು, ಏಳೆಂಟು ದಿವಸಕ್ಕೆ ತಗ್ಗುವುದು. ಕೊಳೆತ ಮೊಟ್ಟೆಯಂತಹ ವಾಸನೆ ಬಂದರೆ ಯೀಸ್ಟಿಗೆ ಪೋಷಣೆ ಸಾಲದೆಂದು ತಿಳಿದು ಪೆಟ್ಟಿಗೆಯ ಪೋಷಕವನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಹಾಕಬೇಕು. ಗುಳ್ಳೆ ನಿಂತಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಎಣಿಸಕೂಡದು. ಮುಚ್ಚಳದ ಸಂದಿನಿಂದ ವಾಯು ಸೋರಿದರೂ ಗುಳ್ಳೆ ನಿಲ್ಲುವುದು, ಚಳಿಗೆ ಯೀಸ್ಟು ಮಂಕಾದರೂ ನಿಲ್ಲುವುದು. ಹೈಡ್ರೋಮೀಟರು ಮೂರು ದಿವಸ ಒಂದೇ ಸಮನಾಗಿ, 1.000 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಮಾತ್ರ ಮುಗಿದಂತೆ.

ಈ ಒಂದು ನಿಯಮವನ್ನು ಮೀರಿದುದರಿಂದಲೇ ಸೀಸೆಗಳು ಸಿಡಿಯುವುವು. ಸಕ್ಕರೆ ಉಳಿದಿರುವ ರಸವನ್ನು ಸೀಸೆಗೆ ತುಂಬಿ ಬಿಗಿಯಾಗಿ ಬಿರಡೆ ಹಾಕಿದರೆ, ಹುದುಗು ಒಳಗೇ ಮುಂದುವರಿದು, ವಾಯುವಿಗೆ ದಾರಿಯಿಲ್ಲದೆ ಗಾಜು ಚೂರಾಗುವುದು. ಎದುರಿಗಿದ್ದವನ ಕಣ್ಣು ಹೋಗುವ ಸಂಭವವುಂಟು. ಪರವಾನಗಿಯುಳ್ಳ ತಯಾರಕರು ನೊರೆಗಾಗಿ ಸೀಸೆಗೆ ಸಕ್ಕರೆ ಸೇರಿಸುವಾಗಲೂ ಲೀಟರಿಗೆ ಆರು ಗ್ರಾಮಿನಷ್ಟನ್ನೇ, ಅದೂ ಒತ್ತಡವನ್ನು ತಡೆಯುವ ದಪ್ಪ ಗಾಜಿನ ಸೀಸೆಯಲ್ಲಿಯೇ ಹಾಕುವರು. ಹಳೆಯ ಷರಬತ್ತಿನ ತೆಳು ಸೀಸೆಗಳು ಈ ಕೆಲಸಕ್ಕೆ ಹುಟ್ಟಿದವಲ್ಲ.

ಜನರು ಹೆದರಿ ಕೇಳುವ ಇನ್ನೊಂದು ಮಾತಿಗೆ ಇಲ್ಲಿಯೇ ಉತ್ತರ ಹೇಳಬೇಕಾಗಿದೆ. ಬೆಂಗಳೂರಿನಲ್ಲಿ 1981ರಲ್ಲಿ ವಿಷಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಲೂ ನೆರೆಯ ತಮಿಳುನಾಡಿನ ಗಡಿಯಲ್ಲಿಯೂ ಮತ್ತೆ ನೂರಾರು ಮನೆಗಳು ಹಾಳಾದುವು. ಆ ಸಾವುಗಳಿಗೆ ಕಾರಣವು ಮೆಥನಾಲ್ ಎಂಬ ವಿಷ. ಕಾರ್ಖಾನೆಯ ಕೆಲಸಕ್ಕಾಗಿ ಇರುವ ಈ ದ್ರವವನ್ನು ಲೋಭಿಗಳು ಮದ್ಯಕ್ಕೆ ಬೆರೆಸುವರು. ಹಣ್ಣಿನ ರಸವು ಹುದುಗುವಾಗಲೂ ಸಿಪ್ಪೆಯಲ್ಲಿರುವ ಪೆಕ್ಟಿನಿನಿಂದ ಮೆಥನಾಲ್ ಅತ್ಯಲ್ಪವಾಗಿ ಹುಟ್ಟುವುದು ನಿಜ, ಆದರೆ ಆ ಪ್ರಮಾಣವು ಅಪಾಯವನ್ನುಂಟುಮಾಡತಕ್ಕದ್ದಲ್ಲ. ರಸವನ್ನು ಒಲೆಯ ಮೇಲಿಟ್ಟು ಭಟ್ಟಿಯಿಳಿಸುವುದು ಬೇರೆ ಮಾತು. ಅದನ್ನು ಯಾರೂ, ಯಾವ ನೆಪದಿಂದಲೂ, ಪ್ರಯೋಗಕ್ಕೆಂದೂ ಸಹ ಮಾಡಕೂಡದು. ಸಾರಾಯಿಯನ್ನು 2007ರಲ್ಲಿ ರಾಜ್ಯದಲ್ಲಿ ನಿಷೇಧಿಸಿದ ಮೇಲೆ ಹಳ್ಳಿಯ ಮೂಲೆಗಳಲ್ಲಿ ಕಳ್ಳಭಟ್ಟಿ ಏಳದಂತೆ ನೋಡುವ ಭಾರವು ಮುಖಂಡರ ಮೇಲೆಯೂ ಬಿದ್ದಿರುವುದು. ಅವರ ಸ್ವಂತ ತೋಟದಲ್ಲಿಯೇ ಹುದುಗಿನ ಪಾತ್ರೆಗಳು ಲೆಕ್ಕವಿಲ್ಲದೆ ಇದ್ದರೆ ಮತ್ತೊಬ್ಬರಿಗೆ ಬುದ್ಧಿ ಹೇಳುವ ಬಾಯಿ ಎಲ್ಲಿಂದ ಬಂದೀತು?

ಶಿರ್ಕಾ.— ಹುದುಗು ಮುಗಿದ ರಸವನ್ನು ತಳದ ಗಸಿ ಕದಡದಂತೆ ನಳಿಗೆಯಿಂದ ಬೇರೆ ಪಾತ್ರೆಗೆ ಬಗ್ಗಿಸತಕ್ಕದ್ದು. ಇಲ್ಲಿಯವರೆಗೆ ಗಾಳಿಯು ಶತ್ರುವಾಗಿತ್ತು. ಇಲ್ಲಿಂದ ಮುಂದೆ ಅದೇ ಮಿತ್ರ. ಮದ್ಯಸಾರವನ್ನು ಹುಳಿಯನ್ನಾಗಿ ಮಾಡುವ ಜೀವಿಗೆ ಗಾಳಿಯಿಲ್ಲದೆ ಬಾಳುವೆಯಿಲ್ಲ. ಬಾಯಿ ಅಗಲವಾದ ಗಾಜಿನ ಜಾಡಿಯಲ್ಲಿ ನಾಲ್ಕು ಪಾಲು ರಸಕ್ಕೆ ಒಂದು ಪಾಲು ಕಾಯಿಸದ ಹಳೆಯ ಶಿರ್ಕಾವನ್ನು ಹೆಪ್ಪಾಗಿ ಸೇರಿಸಿ, ಅರ್ಧದಿಂದ ಮುಕ್ಕಾಲು ಮಟ್ಟಕ್ಕೆ ತುಂಬಿ, ಒತ್ತಾದ ಮಲ್ಲುಬಟ್ಟೆಯನ್ನು ಬಿಗಿದು ಕಟ್ಟತಕ್ಕದ್ದು. ಅಂಗಡಿಯ ತಿಳಿಯಾದ ಬಿಳಿಯ ಶಿರ್ಕಾದಲ್ಲಿ ಜೀವವಿಲ್ಲ, ಅದು ಹೆಪ್ಪಿಗೆ ಬಾರದು. ತಳದಲ್ಲಿ ಮಬ್ಬಾದ ಗಸಿಯಿರುವುದನ್ನು ಆರಿಸಬೇಕು. ಈ ಹಂತದಲ್ಲಿ ಗಂಧಕದ ಪುಡಿಯನ್ನು ಹಾಕಿದರೆ ಹೆಪ್ಪು ಸಾಯುವುದು. ಈಗ ಬೇಕಾದ ಉಷ್ಣತೆ ಮೊದಲಿಗಿಂತ ಹೆಚ್ಚು, 28ರಿಂದ 30 ಡಿಗ್ರಿ. ಆದುದರಿಂದ ಮಾಘದಲ್ಲಿ ಹುದುಗು ಮುಗಿಸಿ ಬೇಸಿಗೆಯಲ್ಲಿ ಶಿರ್ಕಾಕ್ಕೆ ಇಟ್ಟವರಿಗೆ ನಮ್ಮ ಹವೆಯೇ ಆಳಿನಂತೆ ದುಡಿಯುವುದು. ಒಂದೆರಡು ವಾರದಲ್ಲಿ ಮೇಲೆ ಕೆನೆಯಂತಹ ಪೊರೆಯು ಕಟ್ಟುವುದು. ಇದನ್ನು ‘ಶಿರ್ಕಾದ ತಾಯಿ’ ಎನ್ನುವರು, ಕೆಟ್ಟಿತೆಂದು ಚೆಲ್ಲಕೂಡದು. ಹಸಿರು ಅಥವಾ ಕಪ್ಪು ರೋಮವುಳ್ಳ ಬೂಷ್ಟು ಬಂದರೆ ಮಾತ್ರ ಅದು ಕೆಟ್ಟುದೇ. ಎರಡರಿಂದ ಮೂರು ತಿಂಗಳಿಗೆ ಮದ್ಯದ ವಾಸನೆ ಹೋಗಿ ಹುಳಿಯು ಪೂರ್ಣವಾಗುವುದು. ಆಗ ಸೋಸಿ, 65ರಿಂದ 70 ಡಿಗ್ರಿಗೆ ಸ್ವಲ್ಪ ಹೊತ್ತು ಕಾಯಿಸಿ, ಸೀಸೆಯ ಕಂಠದವರೆಗೂ ತುಂಬಿ ಮುಚ್ಚತಕ್ಕದ್ದು. ಗಾಳಿ ಸಿಕ್ಕರೆ ಅದೇ ಜೀವಿಯು ಕೊನೆಗೆ ಹುಳಿಯನ್ನೂ ತಿಂದು ನೀರಾಗಿಸುವುದು.

ಆಹಾರ ಸುರಕ್ಷತೆಯ ಕಾಯಿದೆಯು 2006ರದು. ಅದರ ಕೆಳಗಿನ ನಿಯಮದಂತೆ ಹುದುಗಿಸಿದ ಶಿರ್ಕಾದಲ್ಲಿ ನೂರಕ್ಕೆ 3.75 ಪಾಲಿಗಿಂತ ಕಡಿಮೆಯಿಲ್ಲದ ಅಸಿಟಿಕ್ ಆಮ್ಲವಿರಬೇಕು. ನೂರಕ್ಕೆ ಆರು ಪಾಲು ಮದ್ಯಸಾರದಿಂದ ಹೊರಟವರಿಗೆ, ಸ್ವಲ್ಪ ಆವಿಯಾಗಿ ಹೋದರೂ, ಈ ಮಟ್ಟ ಸಿಕ್ಕುವುದು ಕಷ್ಟವಲ್ಲ. ಆದರೆ ನಾಲಿಗೆಯಿಂದ ಇದನ್ನು ಅಳೆಯಲಾಗದು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸದ ಮನೆಯ ಶಿರ್ಕಾವನ್ನು ಸಾರಿಗೋ ಚಟ್ನಿಗೋ ಬಳಸಬಹುದು. ತಿಂಗಳುಗಟ್ಟಲೆ ಇಡುವ ಉಪ್ಪಿನಕಾಯಿಗೆ ಹಾಕಕೂಡದು, ಹುಳಿ ಸಾಲದಿದ್ದರೆ ಒಳಗೆ ವಿಷಜೀವಿ ಬೆಳೆಯುವ ಅಪಾಯವಿರುವುದು. ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಹೆಬ್ಬಾಳದ ಆಚೆಗಿರುವ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಇವುಗಳಲ್ಲಿ ಈ ವಿಷಯವನ್ನು ಬಲ್ಲ ತಜ್ಞರಿರುವರು. ಹೊಸದಾಗಿ ಬಳ್ಳಿ ನೆಡುವವರು ಹೆಸರಘಟ್ಟದಲ್ಲಿ ಬೆಂಗಳೂರು ಬ್ಲೂ ಜಾತಿಯ ಸಂಕರದಿಂದಲೇ ಹುಟ್ಟಿಸಿದ ‘ಅರ್ಕಾ ಶ್ಯಾಮ್’, ‘ಅರ್ಕಾ ತೃಷ್ಣಾ’ ತಳಿಗಳನ್ನು ವಿಚಾರಿಸಬಹುದು.

ಹುದುಗಿನ ಗೊಡವೆಯೇ ಬೇಡವೆನ್ನುವವರಿಗೆ ಸಿಹಿರಸವುಂಟು. ಅಮೆರಿಕಾ ದೇಶದ ಥಾಮಸ್ ವೆಲ್ಚ್ ಎಂಬ ದಂತವೈದ್ಯನು 1869ರಲ್ಲಿ, ತನ್ನ ದೇವಾಲಯದ ಪ್ರಸಾದಕ್ಕೆ ಮದ್ಯವಿಲ್ಲದ ದ್ರಾಕ್ಷಾರಸ ಬೇಕೆಂದು, ಪಾಶ್ಚರನ ತತ್ತ್ವದಂತೆ ಕಾನ್‌ಕಾರ್ಡ್ ದ್ರಾಕ್ಷೆಯ ರಸವನ್ನು ಸೀಸೆಯಲ್ಲಿ ಕಾಯಿಸಿ ಯೀಸ್ಟನ್ನು ಕೊಂದನು. ಅದರಿಂದ ದೊಡ್ಡ ಉದ್ಯಮವೇ ಬೆಳೆಯಿತು. ಕಾನ್‌ಕಾರ್ಡೂ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷೆಯೂ ಒಂದೇ ಅಮೆರಿಕಾ ಕುಲಕ್ಕೆ ಸೇರಿದವು. ಎರಡಕ್ಕೂ ಅದೇ ಗಾಢವಾದ ಬಣ್ಣ, ಅದೇ ಕಸ್ತೂರಿಯಂತಹ ವಾಸನೆ. ಸೋಸಿದ ರಸವನ್ನು ಸೀಸೆಗೆ ತುಂಬಿ, ನೀರಿನ ಹಂಡೆಯಲ್ಲಿ ಬಟ್ಟೆ ಹಾಸಿ ನಿಲ್ಲಿಸಿ, 80 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಬಿಸಿಯಾಗಿರುವಾಗಲೇ ಮುಚ್ಚತಕ್ಕದ್ದು. ಕೆಲವು ವಾರಗಳಲ್ಲಿ ತಳದಲ್ಲಿ ಗಾಜಿನ ಚೂರಿನಂತಹ ಹರಳುಗಳು ಕೂರುವುವು. ಇದು ಹಣ್ಣಿನದೇ ಹುಳಿಯುಪ್ಪು, ಹಾನಿಯಿಲ್ಲ. ಗಿರಾಕಿಯು ಗಾಜೆಂದು ಬೆದರದಂತೆ ಮೇಲಿನ ತಿಳಿಯನ್ನು ಬಗ್ಗಿಸಿ ಇನ್ನೊಮ್ಮೆ ಕಾಯಿಸಿ ಮಾರುವುದು ರೂಢಿ. ತೆರೆದ ಸೀಸೆಯನ್ನು ಎರಡು ಮೂರು ದಿವಸಗಳಲ್ಲಿ ಮುಗಿಸಬೇಕು.

ಲೆಕ್ಕದ ವಿಷಯದಲ್ಲಿ, ಮೊದಲ ವರ್ಷ ಹತ್ತು ಕಿಲೋ ಹಣ್ಣಿಗಿಂತ ಹೆಚ್ಚಿಗೆ ಕೈಹಾಕಬಾರದೆಂದು ಹೇಳಬೇಕು. ಹಣ್ಣು ಬಿಟ್ಟಿಯೆಂದು ಹೊರಟವನಿಗೆ ಸೀಸೆ, ಬಿರಡೆ, ಚೀಟಿ, ಪರೀಕ್ಷೆಯ ಶುಲ್ಕ ಇವುಗಳ ವೆಚ್ಚವೇ ರಸದ ಬೆಲೆಯನ್ನು ಮೀರುವುದುಂಟು. ವಿಮಾನ ನಿಲ್ದಾಣವು 2008ರಲ್ಲಿ ದೇವನಹಳ್ಳಿಗೆ ಬಂದಂದಿನಿಂದ ಈ ದಾರಿಯ ಉದ್ದಕ್ಕೂ ದ್ರಾಕ್ಷೆಯ ಚಪ್ಪರಗಳು ನಿವೇಶನಗಳಾಗುತ್ತಿರುವುವು, ಹೆಬ್ಬಾಳ, ಆರ್. ಟಿ. ನಗರಗಳ ಕಡೆ ಹೊಲವೆಂಬುದೇ ನೆನಪಾಗಿದೆ. ಆದರೆ ಆ ಬಡಾವಣೆಗಳ ಜನರೇ ಈಗ ಒಳ್ಳೆಯ ಶಿರ್ಕಾವನ್ನೂ ಸಿಹಿರಸವನ್ನೂ ಕೇಳಿ ಕೊಳ್ಳತಕ್ಕವರು. ನಾಲ್ಕಾರು ತೋಟದವರು ಕೂಡಿ ಒಂದು ಹೈಡ್ರೋಮೀಟರು, ಒಂದು ತಕ್ಕಡಿ, ಒಂದು ಕಾಯಿಸುವ ಹಂಡೆಯನ್ನು ಇಟ್ಟುಕೊಂಡರೆ ವೆಚ್ಚವು ಹಂಚಿಹೋಗುವುದು.

ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜ, ಗಸಿಗಳನ್ನು ಮನೆಯ ಹಿಂದೆ ರಾಶಿ ಹಾಕಿದರೆ ಹಣ್ಣಿನ ನೊಣಗಳು ಹುಟ್ಟಿ, ಅವುಗಳ ಕಾಲಿಗಂಟಿದ ಹುಳಿಯ ಜೀವಿಗಳು ಮುಂದಿನ ಪಾತ್ರೆಯನ್ನು ಕೆಡಿಸುವುವು. ಹುದುಗು ಬಂದ ಹಿಪ್ಪೆಯನ್ನು ದನಗಳ ಮುಂದೆ ಸುರಿಯತಕ್ಕದ್ದೂ ಅಲ್ಲ. ಅವು ಆಸೆಯಿಂದ ತಿಂದು ತೂರಾಡುವುವು. ಸ್ವಲ್ಪ ಸುಣ್ಣವನ್ನು ಎರಚಿ, ಒಣಹುಲ್ಲಿನೊಡನೆ ಪದರ ಪದರವಾಗಿ ಗೊಬ್ಬರದ ಗುಂಡಿಗೆ ಹಾಕಿ, ಅದೇ ದಿವಸ ಮಣ್ಣು ಮುಚ್ಚತಕ್ಕದ್ದು.